ಏರುದಾರಿಯ ಊರಿಗೆ ಎಂಥ ಕಾರ್ಗೋ ಸೈಕಲ್?

ಮಕ್ಕಳನ್ನು ಶಾಲೆಗೆ ಬಿಟ್ಟು, ಬರುವಾಗ ಸಂತೆಯ ತರಕಾರಿಯ ಜೊತೆಗೆ ಅಕ್ಕಿ ಮೂಟೆಯನ್ನೂ ಹೇರಿಕೊಂಡು ಬರಬಲ್ಲ ವಿದ್ಯುತ್ ಕಾರ್ಗೋ ಸೈಕಲ್ಲನ್ನು ಕೊಳ್ಳಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು, ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂದು. ಬಯಲುಸೀಮೆಯಲ್ಲಿ ಅದು ಸರಿಯಾದ ಪ್ರಶ್ನೆಯೇ. ಕೊಡಗಿನಲ್ಲಿ ಮಾತ್ರ ಅದಕ್ಕಿಂತ ಮೊದಲು ಕೇಳಬೇಕಾದ ಬೇರೆ ಎರಡು ಪ್ರಶ್ನೆಗಳಿವೆ: ಪೂರ್ತಿ ಹೊರೆಯೊಂದಿಗೆ ಏರು ಹತ್ತುತ್ತದೆಯೇ, ಅದೇ ಹೊರೆಯೊಂದಿಗೆ ಇಳಿಜಾರಿನಲ್ಲಿ ನಿಲ್ಲುತ್ತದೆಯೇ?

ಲೆಕ್ಕ ಹಾಕಿ ನೋಡೋಣ. ಸೈಕಲ್ 35 ಕಿಲೋ, ಓಡಿಸುವವರು 65, ಇಬ್ಬರು ಮಕ್ಕಳು 40, ಸಾಮಾನು 30 ಎಂದಿಟ್ಟುಕೊಂಡರೆ ಒಟ್ಟು 170 ಕಿಲೋ. ಕುಶಾಲನಗರಕ್ಕಿಂತ ಮಡಿಕೇರಿ ಸುಮಾರು 300 ಮೀಟರ್ ಎತ್ತರದಲ್ಲಿದೆ. ಇಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಏರಿಸಲು ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಐದು ಲಕ್ಷ ಜೌಲ್, ಅಂದರೆ 140 ವ್ಯಾಟ್-ಗಂಟೆ. ಮೋಟಾರಿನಲ್ಲಿ ಆಗುವ ನಷ್ಟವನ್ನೂ ಚಕ್ರ ಉರುಳುವಾಗಿನ ಘರ್ಷಣೆಯನ್ನೂ ಸೇರಿಸಿದರೂ, ಸವಾರರು ತುಳಿಯುತ್ತಿದ್ದರೆ, 48 ವೋಲ್ಟ್, 10 ಆಂಪಿಯರ್-ಗಂಟೆಯ (480 ವ್ಯಾಟ್-ಗಂಟೆಯ) ಸಾಧಾರಣ ಬ್ಯಾಟರಿ ಈ ಕೆಲಸಕ್ಕೆ ಸಾಲುತ್ತದೆ. ಆದ್ದರಿಂದ ಬ್ಯಾಟರಿಯಲ್ಲಿ ಎಷ್ಟು ಶಕ್ತಿಯಿದೆ ಎಂಬುದು ಇಲ್ಲಿನ ತೊಡಕಲ್ಲ. ಆ ಶಕ್ತಿಯನ್ನು ಮೋಟಾರು ಎಷ್ಟು ಬೇಗ, ತಾನು ಸುಡದೆ, ಚಕ್ರಕ್ಕೆ ದಾಟಿಸಬಲ್ಲದು ಎಂಬುದೇ ತೊಡಕು.

ಈ ವೇಗಕ್ಕೆ ಕಾನೂನಿನ ಮಿತಿಯೂ ಇದೆ. ಮೋಟಾರಿನ ಮೂವತ್ತು ನಿಮಿಷದ ಸಾಮರ್ಥ್ಯ 250 ವ್ಯಾಟ್‌ಗಿಂತ ಕಡಿಮೆಯಿದ್ದು, ಗಂಟೆಗೆ 25 ಕಿ.ಮೀ. ವೇಗ ಮುಟ್ಟಿದೊಡನೆ ಅದರ ನೆರವು ನಿಲ್ಲುವಂತಿದ್ದು, ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಪಡೆದಿರುವ ಸೈಕಲ್ಲನ್ನು ಕೇಂದ್ರ ಮೋಟಾರು ವಾಹನ ನಿಯಮಗಳು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಅದಕ್ಕೆ ನೋಂದಣಿಯಾಗಲಿ ಲೈಸೆನ್ಸ್ ಆಗಲಿ ಬೇಕಿಲ್ಲ. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ 170 ಕಿಲೋ ಭಾರವನ್ನು ಗಂಟೆಗೆ 8 ಕಿ.ಮೀ. ವೇಗದಲ್ಲಿ ಒಯ್ಯಲು ಸುಮಾರು 330 ವ್ಯಾಟ್ ಬೇಕು. 250 ವ್ಯಾಟನ್ನು ಮೋಟಾರು ಕೊಟ್ಟರೆ ಉಳಿದ 80 ನಮ್ಮ ಕಾಲಿನದು. ಓಂಕಾರೇಶ್ವರ ದೇವಸ್ಥಾನದ ತಗ್ಗಿನಿಂದ ಕೋಟೆಯ ಕಡೆಗೆ ಹತ್ತುವವರು ನಡೆದುಹೋಗುವವರಿಗಿಂತ ತುಸು ಬೇಗ ಹೋಗುತ್ತಾರೆ, ಅಷ್ಟೆ. ಅದಕ್ಕಿಂತ ಹೆಚ್ಚು ವೇಗದ ಭರವಸೆ ಕೊಡುವ 1,000 ವ್ಯಾಟಿನ ಕಿಟ್ ಜೋಡಿಸಿದರೆ ಕಾನೂನಿನ ಕಣ್ಣಿಗೆ ಅದು ಸೈಕಲ್ಲಾಗಿ ಉಳಿಯುವುದಿಲ್ಲ.

ಮೋಟಾರಿನ ವಿಧವನ್ನು ಗಮನಿಸಬೇಕಾದದ್ದು ಇಲ್ಲಿಯೇ. ಅಗ್ಗದ ಸೈಕಲ್ಲುಗಳಲ್ಲಿ ಅದು ಚಕ್ರದ ನಡುವಿನ ಹಬ್‌ನೊಳಗೆ ಇರುತ್ತದೆ. ಮೋಟಾರು ಹೆಚ್ಚು ತಿರುಚುಬಲ ಕೊಡಬೇಕಾದರೆ ಹೆಚ್ಚು ವಿದ್ಯುತ್ ಪ್ರವಾಹ ಹರಿಯಬೇಕು, ತಾಮ್ರದ ಸುರುಳಿಯಲ್ಲಿ ಹುಟ್ಟುವ ಶಾಖವೋ ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಬಲ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ಚಕ್ರ ನಿಧಾನವಾಗಿ ತಿರುಗುವ ಕಡಿದಾದ ಏರಿನಲ್ಲಿ ಹಬ್ ಮೋಟಾರು ಬಿಸಿಯೇರುವುದು ಇದರಿಂದಲೇ. ಪೆಡಲಿನ ಬಳಿ ಕೂರುವ ಮಿಡ್-ಡ್ರೈವ್ ಮೋಟಾರು ಚೈನು ಮತ್ತು ಗೇರುಗಳ ಮೂಲಕ ಕೆಲಸ ಮಾಡುವುದರಿಂದ, ಸಣ್ಣ ಗೇರಿಗೆ ಇಳಿಸಿದರೆ ತನಗೆ ಹಿತವಾದ ವೇಗದಲ್ಲೇ ತಿರುಗುತ್ತದೆ. ಬೆಲೆ ಹೆಚ್ಚು, ಚೈನೂ ಬೇಗ ಸವೆಯುತ್ತದೆ. ಅಷ್ಟು ಹಣವಿಲ್ಲದವರು 20 ಇಂಚಿನ ಹಿಂಚಕ್ರವಿರುವ, ಒಳಗೆ ಗೇರಿರುವ ಹಬ್ ಮೋಟಾರಿನ ಸೈಕಲ್ಲನ್ನು ನೋಡಬಹುದು. ನೂರಕ್ಕೆ ಹತ್ತರ ಏರಿನಲ್ಲಿ ಇದೇ ಭಾರಕ್ಕೆ 26 ಇಂಚಿನ ಚಕ್ರ ಸುಮಾರು 60 ನ್ಯೂಟನ್-ಮೀಟರ್ ತಿರುಚುಬಲ ಕೇಳಿದರೆ, 20 ಇಂಚಿನದಕ್ಕೆ 46 ಸಾಕು. ಹೊರೆಯೂ ನೆಲಕ್ಕೆ ಹತ್ತಿರ ಕೂರುತ್ತದೆ.

ಇಳಿಯುವಾಗ ಲೆಕ್ಕ ತಿರುವುಮುರುವಾಗುತ್ತದೆ. ನೂರಕ್ಕೆ ಎಂಟರ ಅದೇ ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ವೇಗ ಮೀರದಂತೆ ಹಿಡಿದಿಡಬೇಕಾದರೆ, ಗಾಳಿಯ ತಡೆಯನ್ನು ಕಳೆದ ಮೇಲೂ, 600 ವ್ಯಾಟ್‌ಗೂ ಮೀರಿದ ಶಾಖ ಬ್ರೇಕಿನಲ್ಲಿ ಹುಟ್ಟುತ್ತಿರುತ್ತದೆ. ಬ್ರೇಕ್ ಹಿಡಿದಾಗ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ ಎಂಬ ಮಾತನ್ನು ನಂಬಿಕೊಳ್ಳಬೇಡಿ: ಗೇರಿರುವ ಹಬ್ ಮೋಟಾರುಗಳೂ ಮಿಡ್-ಡ್ರೈವ್‌ಗಳೂ ಸಾಮಾನ್ಯವಾಗಿ ಫ್ರೀವೀಲಿನ (ಮೋಟಾರು ಚಕ್ರವನ್ನು ತಿರುಗಿಸಬಲ್ಲದು, ಚಕ್ರ ಮೋಟಾರನ್ನು ತಿರುಗಿಸಲಾರದು ಎಂಬಂಥ ಜೋಡಣೆಯ) ಮೂಲಕ ಕೂಡಿಕೊಂಡಿರುವುದರಿಂದ ಅವುಗಳಲ್ಲಿ ಅದು ಆಗದು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಡಿಕೇರಿಯಲ್ಲಿ ರಿಮ್ಮನ್ನು ಹಿಡಿಯುವ ರಬ್ಬರ್ ಬ್ರೇಕ್ ನೆನೆದರೆ ಜಾರುತ್ತದೆ. ಎರಡೂ ಚಕ್ರಕ್ಕೆ ದೊಡ್ಡ ತಟ್ಟೆಯ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇರಲಿ. ಹಣ ಉಳಿಸಬಾರದ ಜಾಗವೆಂದರೆ ನನ್ನ ಮಟ್ಟಿಗೆ ಇದೇ.

ಆಕಾರದ ವಿಷಯದಲ್ಲಿ ಹೆಚ್ಚು ಯೋಚಿಸಬೇಕಿಲ್ಲ. ಮುಂದೆ ಪೆಟ್ಟಿಗೆಯಿರುವ ಮೂರು ಚಕ್ರದ ಗಾಡಿ ಸಮತಟ್ಟಾದ ಊರಿಗೆ ಚೆನ್ನ. ವಾಲಲಾರದ ಅದು ಘಾಟಿಯ ತಿರುವಿನಲ್ಲಿ ಒಂದು ಚಕ್ರ ಎತ್ತಿಬಿಡಬಹುದು. ಹಿಂದಿನ ಕ್ಯಾರಿಯರನ್ನು ಉದ್ದವಾಗಿಸಿರುವ ಎರಡು ಚಕ್ರದ ಮಾದರಿ ಇಲ್ಲಿಗೆ ಹೊಂದುತ್ತದೆ. ಹಳೆಯ ಸೈಕಲ್ಲಿಗೇ ಕಿಟ್ ಹಾಕಿಸುವವರು ಸಾಮಾನ್ಯ ಕ್ಯಾರಿಯರ್ 25 ಕಿಲೋವರೆಗಿನ ಭಾರಕ್ಕಷ್ಟೇ ಎಂಬುದನ್ನು ನೆನಪಿನಲ್ಲಿಡಬೇಕು. ಇನ್ನು ಸಿದ್ದಾಪುರ, ಅಮ್ಮತ್ತಿಯ ಕಡೆ ಬೆಳಗಿನ ಮಂಜಿನಲ್ಲಿ ತೋಟದ ದಾರಿ ಹಿಡಿಯುವವರಿಗೆ ಸದ್ದಿಲ್ಲದ ವಾಹನ ವರವೇನೂ ಅಲ್ಲ. ಆನೆಗೂ ನಮ್ಮ ಸುಳಿವು ಸಿಗಬೇಕಲ್ಲ!

ಮಳೆಗಾಲದಲ್ಲಿ ಕರೆಂಟು ಹೋದರೆ? ಮನೆಯ ಇನ್ವರ್ಟರಿನ 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್-ಗಂಟೆ ಇರುತ್ತದೆ. ಸೈಕಲ್ಲಿನ ಖಾಲಿ ಬ್ಯಾಟರಿ ಅದರ ಮೂರನೇ ಒಂದು ಭಾಗವನ್ನು ಹೀರಿಕೊಂಡೀತು. ಕಳಚಿ ಒಳಗೆ ತರಬಹುದಾದ ಬ್ಯಾಟರಿಯನ್ನೇ ಕೊಳ್ಳಿ, ಚಾರ್ಜರ್ ಸಿಕ್ಕಿಸುವ ಮುನ್ನ ಅದರ ಪಿನ್ನುಗಳನ್ನು ಒಣಬಟ್ಟೆಯಿಂದ ಒರೆಸಿ. ಹಣ ಕೊಡುವ ಮೊದಲು ನಿಮ್ಮ ಮನೆಯ ದಾರಿಯ ಅತಿ ಕಡಿದಾದ ಏರಿನಲ್ಲಿ, ಮಕ್ಕಳ ತೂಕದಷ್ಟು ಅಕ್ಕಿ ಮೂಟೆ ಕಟ್ಟಿಕೊಂಡು ಓಡಿಸಿ ನೋಡಿ. ನಡುವೆ ನಿಲ್ಲಿಸಿ, ಅಲ್ಲಿಂದಲೇ ಮತ್ತೆ ಹೊರಡಿಸಿ. ಹೊರಡಲಾಗದೆ ಹಿಂದಕ್ಕೆ ಜಾರುವ ಸೈಕಲ್ಲನ್ನು, ಬೆಲೆ ಎಷ್ಟೇ ಕಡಿಮೆಯಿದ್ದರೂ, ಅಂಗಡಿಗೆ ಮರಳಿಸಿ.