ಆಪರೇಷನ್ ಆಗಿ ಒಂದು ವರ್ಷಕ್ಕೆ ಪೇಷೆಂಟ್ ಹೇಗಿದಾರೆ? ಈ ಲೆಕ್ಕ ಶುರುವಾದ ಕಥೆ

ಬಾಸ್ಟನ್‌ನಲ್ಲಿ ಅರ್ನೆಸ್ಟ್ ಕಾಡ್‌ಮನ್ ಅಂತ ಒಬ್ಬ ಸರ್ಜನ್ ಇದ್ರು, ನೂರು ವರ್ಷಕ್ಕೂ ಹಿಂದಿನ ಮಾತು. ಪ್ರತಿ ಪೇಷೆಂಟ್‌ಗೂ ಒಂದು ಕಾರ್ಡ್ ಮಾಡಿ, ಏನು ತೊಂದ್ರೆ ಅಂತ ಬಂದ್ರು, ಡಾಕ್ಟ್ರು ಏನು ಕಾಯಿಲೆ ಅಂದ್ರು, ಏನು ಮಾಡಿದ್ರು, ಆಮೇಲೆ ಏನು ಕಾಂಪ್ಲಿಕೇಷನ್ ಆಯ್ತು ಎಲ್ಲಾ ಬರೆದು, ವರ್ಷ ಕಳೆದ್ಮೇಲೆ ಅವರನ್ನ ಹುಡುಕಿ ಈಗ ಹೇಗಿದೀರಾ ಅಂತ ಕೇಳಿ ಅದನ್ನೂ ಅದೇ ಕಾರ್ಡ್‌ನಲ್ಲಿ ಬರೀತಿದ್ರು. ಗುಣ ಆಗಿಲ್ಲ ಅಂದ್ರೆ ಯಾಕೆ ಆಗಿಲ್ಲ, ತಪ್ಪು ಸರ್ಜನ್‌ದಾ, ಕಾಯಿಲೆ ಪತ್ತೆ ಮಾಡೋದ್ರಲ್ಲಾ, ಇಲ್ಲಾ ರೋಗಾನೇ ಹಾಗಿತ್ತಾ, ಅದೂ ಬರೀಬೇಕು.

ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ ಆಗ ಸರ್ಜನ್‌ಗಳಿಗೆ ಪ್ರಮೋಷನ್ ಕೊಡ್ತಿದ್ದದ್ದು ಸೀನಿಯಾರಿಟಿ ಮೇಲೆ, ರಿಸಲ್ಟ್ ನೋಡಿ ಕೊಡಿ ಅಂತ ಕಾಡ್‌ಮನ್ ಪಟ್ಟು ಹಿಡಿದ್ರು, ಆಗ್ಲಿಲ್ಲ, 1914ರಲ್ಲಿ ರಾಜೀನಾಮೆ ಕೊಟ್ರು. ಮುಂದಿನ ಜನವರಿಲಿ ಡಾಕ್ಟರ್‌ಗಳ ಮೀಟಿಂಗ್‌ನಲ್ಲಿ ಒಂದು ದೊಡ್ಡ ಕಾರ್ಟೂನ್ ತೆಗೆದು ತೋರಿಸಿದ್ರು. ಮರಳಲ್ಲಿ ತಲೆ ಹೂತ್ಕೊಂಡು ಚಿನ್ನದ ಮೊಟ್ಟೆ ಇಡೋ ಆಸ್ಟ್ರಿಚ್, ಅಂದ್ರೆ ರಿಸಲ್ಟ್ ಕೇಳದೇ ಡಾಕ್ಟರ್‌ಗಳಿಗೆ ದುಡ್ಡು ಸುರಿಯೋ ಊರಿನ ಶ್ರೀಮಂತ ಪೇಷೆಂಟ್‌ಗಳು! ಗಲಾಟೆ ಆಗಿ ಹಾರ್ವರ್ಡ್‌ನ ಹುದ್ದೇನೂ ಹೋಯ್ತು. ಅವರದ್ದೇ ಪುಟ್ಟ ಆಸ್ಪತ್ರೆಯಿಂದ 1911ರಿಂದ 1916ರ ತನಕ ಡಿಸ್ಚಾರ್ಜ್ ಆದ 337 ಜನರ ಕೇಸ್‌ಗಳಲ್ಲಿ 123 ತಪ್ಪು ಆಗಿತ್ತು ಅಂತ ತಾವೇ ಪ್ರಿಂಟ್ ಮಾಡಿ ಹಂಚಿದ್ರು. ಇವತ್ತು ಯಾವ ಆಸ್ಪತ್ರೆ ಇಷ್ಟು ಧೈರ್ಯ ಮಾಡತ್ತೆ ಹೇಳಿ.

ಲೆಕ್ಕ ಇಡದೇ ಇದ್ರೆ, ಇಟ್ಟ ಲೆಕ್ಕ ಯಾರೂ ಕೇಳದೇ ಇದ್ರೆ ಏನಾಗತ್ತೆ ಅನ್ನೋದು ಇಂಗ್ಲೆಂಡ್‌ನ ಬ್ರಿಸ್ಟಲ್‌ನಲ್ಲಿ ಗೊತ್ತಾಯ್ತು. ಅಲ್ಲಿ ಮಕ್ಕಳ ಹಾರ್ಟ್ ಆಪರೇಷನ್‌ಗಳಲ್ಲಿ ಸಾವು ಜಾಸ್ತಿ ಆಗ್ತಿದೆ ಅಂತ ಅನಸ್ತೇಷಿಯಾ ಡಾಕ್ಟರ್ ಸ್ಟೀಫನ್ ಬೋಲ್ಸಿನ್ ಅಂಕಿಅಂಶ ಕೂಡಿಸಿ ಹೇಳ್ತಾನೇ ಇದ್ರು, ವರ್ಷಗಟ್ಟಲೆ ಕಿವಿಗೆ ಹಾಕ್ಕೊಳ್ಲಿಲ್ಲ. 2001ರಲ್ಲಿ ಬಂದ ವಿಚಾರಣಾ ವರದಿ ಪ್ರಕಾರ 1991ರಿಂದ 95ರ ಒಳಗೆ, ಬೇರೆ ಕಡೆ ಆಗೋದಕ್ಕಿಂತ 30–35 ಪುಟ್ಟ ಮಕ್ಕಳು ಹೆಚ್ಚಾಗಿ ಸತ್ತಿದ್ರು. ಓದಿದ್ರೆ ಹೊಟ್ಟೆ ಉರಿಯತ್ತೆ.

ಹಾಗಂತ ಬರೀ ಸಾವಿನ ಪರ್ಸೆಂಟೇಜ್ ಹಾಕಿದ್ರೆ ಅದೂ ಅನ್ಯಾಯಾನೇ. ಶುಗರ್, ಕಿಡ್ನಿ ತೊಂದ್ರೆ ಎಲ್ಲಾ ಇರೋ 80 ವರ್ಷದ ಅಜ್ಜನಿಗೆ ಬೈಪಾಸ್ ಮಾಡೋ ಆಸ್ಪತ್ರೇನ, ಗಟ್ಟಿಮುಟ್ಟಾಗಿರೋರನ್ನೇ ಆರಿಸಿ ಮಾಡೋ ಆಸ್ಪತ್ರೆ ಜೊತೆ ಹೋಲಿಸೋಕಾಗಲ್ಲ, ಹಾಗೆ ಹೋಲಿಸಿದ್ರೆ ಅಜ್ಜನ್ನ ಯಾರೂ ಮುಟ್ಟಲ್ಲ. ಅದಕ್ಕೇ ಅಮೆರಿಕದ ಮಾಜಿ ಸೈನಿಕರ 44 ಆಸ್ಪತ್ರೆಗಳಲ್ಲಿ ಡಾಕ್ಟರ್ ಶುಕ್ರಿ ಖುರಿ ತಂಡ 1991ರಿಂದ ಒಂದು ಸ್ಟಡಿ ಮಾಡಿತು: ಟ್ರೇನಿಂಗ್ ಆದ ನರ್ಸ್‌ಗಳು ಆಪರೇಷನ್‌ಗೆ ಮುಂಚೆ ಪೇಷೆಂಟ್ ಎಷ್ಟು ಸೀರಿಯಸ್ ಅಂತ ಬರೆದಿಟ್ಟು, 30 ದಿನದಲ್ಲಿ ಏನಾಯ್ತು ನೋಡಿ, ಇಂಥಾ ಪೇಷೆಂಟ್‌ಗಳಲ್ಲಿ ಇಷ್ಟು ಸಾವು ನಿರೀಕ್ಷೆ ಇತ್ತು, ನಿಜವಾಗಿ ಆಗಿದ್ದು ಇಷ್ಟು ಅಂತ ತೂಗೋದು. ನನ್ನ ಪ್ರಕಾರ ಕಾಡ್‌ಮನ್ ಕಾರ್ಡ್‌ಗೆ ಬೇಕಿದ್ದ ಉಳಿದರ್ಧ ಇದೇ.

ಆಮೇಲೆ 2008ರಲ್ಲಿ ಡಬ್ಲ್ಯೂಎಚ್‌ಒ ಚೆಕ್‌ಲಿಸ್ಟ್ ಬಂತು, ಅಂದ್ರೆ ಆಪರೇಷನ್‌ಗೆ ಮುಂಚೆ, ಮುಗಿದ್ಮೇಲೆ ಇಡೀ ತಂಡ ನಿಂತು ಒಬ್ಬರನ್ನೊಬ್ಬರು ಕೇಳ್ಕೊಂಡು ಟಿಕ್ ಹಾಕೋ ಸುರಕ್ಷತೆಯ ಪಟ್ಟಿ. ದೆಹಲಿ ಸೇರಿ ಎಂಟು ಊರಿನ ಎಂಟು ಆಸ್ಪತ್ರೆಗಳಲ್ಲಿ ಸಾವು 1.5%ನಿಂದ 0.8%ಗೆ ಇಳೀತು ಅಂತ 2009ರಲ್ಲಿ ವರದಿ ಆಯ್ತು. ಆದ್ರೆ ಕೆನಡಾದ ಒಂಟಾರಿಯೋದಲ್ಲಿ ಎಲ್ಲಾ ಕಡೆ ಕಡ್ಡಾಯ ಮಾಡಿದಾಗ ಹೇಳಿಕೊಳ್ಳೋ ಅಂಥ ವ್ಯತ್ಯಾಸ ಕಾಣಲಿಲ್ಲ. ಟಿಕ್ ಹಾಕೋದು ಬೇರೆ, ನಿಂತು ಕೇಳೋದು ಬೇರೆ.

ನಮ್ಮಲ್ಲಿ? ಆಸ್ಪತ್ರೆಗಳ ಗುಣಮಟ್ಟ ನೋಡೋ ರಾಷ್ಟ್ರೀಯ ಮಂಡಳಿ ಎನ್‌ಎಬಿಎಚ್‌ನ ಮಾನ್ಯತೆ ಬೇಕಂದ್ರೆ ಆಪರೇಷನ್ ಗಾಯಕ್ಕೆ ಇನ್ಫೆಕ್ಷನ್ ಆದ ಲೆಕ್ಕ ಎಲ್ಲಾ ಆಸ್ಪತ್ರೆ ಇಡ್ಲೇಬೇಕು. ಕರ್ನಾಟಕದ ಕೆಪಿಎಂಇ ಕಾಯ್ದೆ ಪ್ರಕಾರ ಖಾಸಗಿ ಆಸ್ಪತ್ರೆಯವರು ರೇಟ್‌ಗಳನ್ನ ಜನರಿಗೆ ಕಾಣೋ ಹಾಗೆ ಹಾಕ್ಬೇಕು. ರೇಟ್ ಗೋಡೆ ಮೇಲೆ ಬರತ್ತೆ, ಇನ್ಫೆಕ್ಷನ್ ಲೆಕ್ಕ ಫೈಲ್ ಒಳಗೇ ಉಳಿಯತ್ತೆ, ಅಮ್ಮನ ಮಂಡಿ ಆಪರೇಷನ್‌ಗೆ ಆಸ್ಪತ್ರೆ ಹುಡುಕೋರು ಪಕ್ಕದ ಮನೆಯವರನ್ನ ಕೇಳ್ಕೊಂಡು ಹೋಗ್ತಾರೆ. ಕನಿಷ್ಠ ಸರ್ಕಾರಿ ಸ್ಕೀಮ್‌ನಲ್ಲಿ ದುಡ್ಡು ಕೊಡೋ ಆಪರೇಷನ್‌ಗಳಿಗಾದ್ರೂ 30 ದಿನದ ರಿಸಲ್ಟನ್ನ, ಪೇಷೆಂಟ್ ಎಷ್ಟು ಸೀರಿಯಸ್ ಇದ್ರು ಅನ್ನೋದನ್ನೂ ಲೆಕ್ಕಕ್ಕೆ ತಗೊಂಡು, ಆಸ್ಪತ್ರೆವಾರು ಹೊರಗೆ ಹಾಕ್ಲಿ, ಬಿಲ್ ಕಟ್ತಿರೋ ಸರ್ಕಾರಕ್ಕೆ ಇದನ್ನ ಕೇಳೋ ಹಕ್ಕಂತೂ ಇದ್ದೇ ಇದೆ.