ಮೋಟರ್ ಒಂದು ಸುತ್ತು ತಿರುಗಿದರೆ ಯಂತ್ರ ಎಷ್ಟು ದೂರ ಸಾಗುತ್ತದೆ?

ಸಿಎನ್‌ಸಿ ರೌಟರ್, ಅಂದರೆ ಕಂಪ್ಯೂಟರ್ ಹೇಳಿದಂತೆ ಮರ ಕತ್ತರಿಸುವ ಯಂತ್ರ, ಕಟ್ಟಲು ಹೊರಟವರು ಮೊದಲು ತೀರ್ಮಾನಿಸಬೇಕಾದದ್ದು ಇದನ್ನೇ. ಎಷ್ಟು ನಿಖರ, ಎಷ್ಟು ವೇಗ ಅನ್ನೋದೆಲ್ಲ ಇದರ ಮೇಲೆ ನಿಂತಿದೆ.

ಸಾಮಾನ್ಯ ಸ್ಟೆಪರ್ ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) 1ರ, 20 ಹಲ್ಲಿನ ಪಿನಿಯನ್, ಅಂದರೆ ಚಿಕ್ಕ ಹಲ್ಲುಚಕ್ರವನ್ನು ಅದರ ಶಾಫ್ಟಿಗೇ ಕೂರಿಸಿದರೆ ರ್ಯಾಕ್ (ಹಲ್ಲುಗಳಿರುವ ನೇರ ಪಟ್ಟಿ) ಮೇಲೆ ಸುತ್ತಿಗೆ 62.83 ಮಿ.ಮೀ. ಓಟ. ಹೆಜ್ಜೆಗೆ 0.31 ಮಿ.ಮೀ. ಆಯಿತು. ತೀರಾ ಒರಟು. ಮೈಕ್ರೋಸ್ಟೆಪ್ ಹಾಕಿದರೆ, ಅಂದರೆ ಒಂದು ಹೆಜ್ಜೆಯನ್ನೇ ಇನ್ನೂ ಸಣ್ಣ ಭಾಗ ಮಾಡಿದರೆ ಸಾಕಲ್ವಾ? ಲೆಕ್ಕಕ್ಕೆ ಸಾಕು. ಆದರೆ ಒಂದೊಂದು ಮೈಕ್ರೋಸ್ಟೆಪ್‌ಗೆ ಸಿಗುವ ಬಲ ಬಹಳ ಕಡಿಮೆ. ಕಟರ್‌ಗೆ ಮರ ಎದುರು ಒತ್ತುತ್ತಿದ್ದರೆ ಶಾಫ್ಟ್ ಮೊದಲ ಒಂದೆರಡು ಮೈಕ್ರೋಸ್ಟೆಪ್‌ಗೆ ಕದಲದೇ ಇರಬಹುದು. ಓಟ ನುಣುಪಾಗಲು ಅದು ಬೇಕೇ ಬೇಕು, ನಿಖರತೆಗೆ ಅದನ್ನೇ ನಂಬಬೇಡಿ.

ನಡುವೆ ಬೆಲ್ಟ್ ಮತ್ತು ಪುಲ್ಲಿ ಹಾಕಿ, ಮೋಟರ್ 4 ಸುತ್ತಿಗೆ ಪಿನಿಯನ್ 1 ಸುತ್ತು ತಿರುಗುವಂತೆ ಮಾಡಿದರೆ ಹೆಜ್ಜೆ 0.08 ಮಿ.ಮೀ.ಗೆ ಇಳಿಯುತ್ತದೆ. ತಳ್ಳುವ ಬಲವೂ ಸುಮಾರು ನಾಲ್ಕು ಪಟ್ಟು. ಆದರೆ ನಿಮಿಷಕ್ಕೆ 10 ಮೀಟರ್ ಓಡಲು ಮೋಟರ್ ಸುಮಾರು 640 ಸುತ್ತು ತಿರುಗಬೇಕು. ಸ್ಟೆಪರ್ ವೇಗ ಏರಿದಷ್ಟೂ ಬಲ ಕಳೆದುಕೊಳ್ಳುತ್ತದೆ, ಆದರೂ ಇಷ್ಟನ್ನು ನಿಭಾಯಿಸಬಲ್ಲದು. ಸುತ್ತಿಗೆ 5 ಮಿ.ಮೀ. ಸಾಗುವ ಸ್ಕ್ರೂ ಆದರೆ ಅದೇ ವೇಗಕ್ಕೆ 2000 ಸುತ್ತು ಬೇಕು. ಅಷ್ಟರಲ್ಲಿ ಬಲ ಬಹುಪಾಲು ಹೋಗಿರುತ್ತದೆ, ಉದ್ದದ ಸ್ಕ್ರೂ ಬಳುಕಲೂ ಶುರುವಾಗುತ್ತದೆ. ದೊಡ್ಡ ಯಂತ್ರಕ್ಕೆ ನನ್ನ ಮತ ರ್ಯಾಕ್‌ಗೇ.

ಇನ್ನು ಅಳತೆ ಹೊಂದಿಸುವುದು. ಕತ್ತರಿಸಿದ ತುಂಡನ್ನು ಅಳೆಯಬೇಡಿ, ಕಟರ್ ದಪ್ಪದ ತಪ್ಪೂ ಅದರಲ್ಲಿ ಸೇರುತ್ತದೆ. ಚೂಪು ಮೊನೆಯ ಬಿಟ್‌ನಿಂದ ಹಲಗೆ ಮೇಲೆ ಒಂದು ಚುಕ್ಕೆ ಇಡಿ. 1000 ಮಿ.ಮೀ. ಸರಿಸಿ ಇನ್ನೊಂದು ಇಡಿ, ನಡುವಿನ ದೂರ ಅಳೆಯಿರಿ. ಎರಡೂ ಚುಕ್ಕೆಗೆ ಒಂದೇ ದಿಕ್ಕಿನಿಂದ ಬರಬೇಕು, ಇಲ್ಲದಿದ್ದರೆ ಹಲ್ಲುಗಳ ನಡುವಿನ ಸಡಿಲ, ಅಂದರೆ ಬ್ಯಾಕ್‌ಲ್ಯಾಶ್, ಲೆಕ್ಕ ಕೆಡಿಸುತ್ತದೆ. ದೂರ ಜಾಸ್ತಿ ಇದ್ದಷ್ಟೂ ಒಳ್ಳೆಯದು. 100 ಮಿ.ಮೀ.ನಲ್ಲಿ ಅಳೆಯುವವರ ಕಣ್ಣು 0.1 ತಪ್ಪಿದರೂ ಮೀಟರಿಗೆ ಅದು 1 ಮಿ.ಮೀ. ಆಗುತ್ತದೆ.

4 ಸುತ್ತಿಗೆ 1 ಸುತ್ತಿನ ನಮ್ಮ ಯಂತ್ರದಲ್ಲಿ ಹೆಜ್ಜೆಗೆ 8 ಮೈಕ್ರೋಸ್ಟೆಪ್ ಇಟ್ಟರೆ ಮಿ.ಮೀ.ಗೆ 101.86 ಮೈಕ್ರೋಸ್ಟೆಪ್. 1000 ಬರಬೇಕಾದಲ್ಲಿ 998.5 ಬಂತು ಅನ್ನಿ. 101.86ನ್ನು 1000ದಿಂದ ಗುಣಿಸಿ 998.5ರಿಂದ ಭಾಗಿಸಿ. ಯಂತ್ರಕ್ಕೆ ಕೊಡಬೇಕಾದ ಹೊಸ ಸಂಖ್ಯೆ 102.01.

ಆಮೇಲೆ 100, 500, 1000 ಮಿ.ಮೀ. ಮೂರನ್ನೂ ಪರೀಕ್ಷಿಸಿ. ದೂರದ ಜೊತೆ ತಪ್ಪೂ ಬೆಳೆದರೆ ಸಂಖ್ಯೆಯನ್ನು ಇನ್ನಷ್ಟು ತಿದ್ದಬಹುದು. ಮೂರರಲ್ಲೂ 0.3 ಅಷ್ಟೇ ಕಡಿಮೆ ಬಂದರೆ ಸಂಖ್ಯೆ ಮುಟ್ಟಬೇಡಿ. ಪುಲ್ಲಿಯನ್ನು ಶಾಫ್ಟಿಗೆ ಬಿಗಿಯುವ ಗ್ರಬ್ ಸ್ಕ್ರೂ ಸಡಿಲವಾಗಿದೆಯಾ, ಪಿನಿಯನ್ ರ್ಯಾಕ್‌ಗೆ ಒತ್ತಿ ಕೂತಿದೆಯಾ, ಬೆಲ್ಟ್ ಜೋತಿದೆಯಾ ನೋಡಿ.