ಸಾಲು ಸಾಗುತ್ತದೆ, ನಂಟು ಸಾಗುವುದಿಲ್ಲ

ಗ್ರಾಹಕರ ಮಾಹಿತಿಯನ್ನು ಒಂದು ಸಿಆರ್‌ಎಂನಿಂದ (ಗ್ರಾಹಕರ ವಿವರ, ಮಾತುಕತೆ, ವ್ಯವಹಾರಗಳ ದಾಖಲೆ ಇಡುವ ತಂತ್ರಾಂಶದಿಂದ) ಇನ್ನೊಂದಕ್ಕೆ ಸಾಗಿಸುವ ಮಾತು ಎದ್ದಾಗಲೆಲ್ಲ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ‘ಅದರಲ್ಲೇನಿದೆ? ಇಲ್ಲಿ ಎಕ್ಸ್‌ಪೋರ್ಟ್, ಅಲ್ಲಿ ಇಂಪೋರ್ಟ್. ಶನಿವಾರ ಕೂತರೆ ಭಾನುವಾರಕ್ಕೆ ಮುಗಿಯಿತು.’ ಗುಂಡಿ ಒತ್ತಿದರಾಯಿತು ಎಂಬ ಈ ನಂಬಿಕೆ ತಾಯಿತದ ಮೇಲಿನ ನಂಬಿಕೆಯ ಜಾತಿಯದೇ. ಇಂಪೋರ್ಟ್ ಮುಗಿಯುವುದೇನೋ ನಿಜ. ಒಂದು ಲಕ್ಷ ಹೆಸರು ಹೊರಟವು, ಒಂದು ಲಕ್ಷ ಹೆಸರು ತಲುಪಿದವು, ಪರದೆಯ ಮೇಲೆ ಹಸಿರು ಗುರುತೂ ಬಂತು. ಸೋಮವಾರ ಬೆಳಿಗ್ಗೆ ಒಬ್ಬ ಗ್ರಾಹಕರ ಪುಟ ತೆರೆದರೆ ಹೆಸರಿದೆ, ಫೋನ್ ನಂಬರಿದೆ. ನಾಲ್ಕು ವರ್ಷದ ಮಾತುಕತೆ ಮಾತ್ರ ಇಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಇನ್ನಾರದೋ ಮಾತುಕತೆ ಅಲ್ಲಿ ಬಂದು ಕೂತಿದೆ.

ಹೀಗೇಕಾಗುತ್ತದೆಂದು ತಿಳಿಯಲು 1970ಕ್ಕೆ ಹೋಗಬೇಕು. ಅಲ್ಲಿಯವರೆಗಿನ ಡೇಟಾಬೇಸ್‌ಗಳಲ್ಲಿ ಒಂದು ದಾಖಲೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಕೊಂಡಿಗಳಾಗಿ ಮೊದಲೇ ಹೆಣೆದಿಡುತ್ತಿದ್ದರು. ದಾರಿ ಬದಲಾದರೆ ಪ್ರೋಗ್ರಾಮನ್ನೇ ತಿದ್ದಬೇಕಿತ್ತು. ಆ ವರ್ಷ ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಈ ಕೊಂಡಿಗಳನ್ನೆಲ್ಲ ಕಿತ್ತುಹಾಕುವ ಪ್ರಸ್ತಾಪ ಮುಂದಿಟ್ಟರು. ಎಲ್ಲವೂ ಕೋಷ್ಟಕ, ಕೋಷ್ಟಕಗಳ ನಡುವೆ ಕಣ್ಣಿಗೆ ಕಾಣುವ ದಾರವೇ ಇಲ್ಲ. ಕಂಪನಿಯ ಸಾಲಿನಲ್ಲಿ ಒಂದು ಸಂಖ್ಯೆ, ಆ ಕಂಪನಿಯ ಡೀಲ್‌ನ ಸಾಲಿನಲ್ಲೂ ಅದೇ ಸಂಖ್ಯೆ. ನಂಟು ಎನ್ನುವುದು ಎರಡು ಕಡೆ ಬರೆದ ಒಂದೇ ಸಂಖ್ಯೆ, ಅಷ್ಟೆ. ಲಗೇಜು ಕೋಣೆಯ ಟೋಕನ್ ಇದ್ದ ಹಾಗೆ: ಪೆಟ್ಟಿಗೆಯ ಮೇಲೆ 47, ನಿಮ್ಮ ಕೈಯಲ್ಲೂ 47. ಪೆಟ್ಟಿಗೆಗೂ ನಿಮಗೂ ಬೇರೆ ಸಂಬಂಧದ ಕುರುಹು ಆ ಕೋಣೆಯಲ್ಲಿ ಎಲ್ಲೂ ಇಲ್ಲ.

ಈಗ ಪೆಟ್ಟಿಗೆಗಳನ್ನೆಲ್ಲ ಬೇರೊಂದು ಕೋಣೆಗೆ ಸಾಗಿಸಿ ಎಂದರೆ? ಹೊಸ ಕೋಣೆಯವರು ತಮ್ಮದೇ ಟೋಕನ್ ಅಂಟಿಸುತ್ತಾರೆ. 47 ಎಂದಿದ್ದದ್ದು 9013 ಆಯಿತು. ನಿಮ್ಮ ಕೈಯಲ್ಲಿರುವುದು ಇನ್ನೂ 47. ಹೆಚ್ಚಿನ ಸಿಆರ್‌ಎಂಗಳು ತಮ್ಮೊಳಗೆ ಬಂದ ದಾಖಲೆಗೆ ಹೊಸ ಗುರುತು ಸಂಖ್ಯೆಯನ್ನು ತಾವೇ ಕೊಡುತ್ತವೆ, ಹಳೆಯದನ್ನೇ ಇಟ್ಟುಕೋ ಎಂದರೆ ಕೇಳುವುದಿಲ್ಲ. ಆದ್ದರಿಂದ ಸ್ಥಳಾಂತರದ ಜೀವ ಇರುವುದು ‘ಹಳೆಯ 47 ಎಂದರೆ ಹೊಸ 9013’ ಎಂದು ಹೇಳುವ ಎರಡು ಕಾಲಂಗಳ ಕೋಷ್ಟಕದಲ್ಲಿ. ಉಳಿದದ್ದೆಲ್ಲ ಅದರ ಸುತ್ತಲಿನ ಓಡಾಟ.

ಮಾಡುವ ಕ್ರಮವೂ ಇದರಿಂದಲೇ ಹುಟ್ಟುತ್ತದೆ. ಹೊಸ ವ್ಯವಸ್ಥೆಯಲ್ಲಿ ಪ್ರತಿ ಬಗೆಯ ದಾಖಲೆಗೂ ‘ಹಳೆಯ ಐಡಿ’ ಎಂಬ ಫೀಲ್ಡ್ ಸೃಷ್ಟಿಸಿ, ಅದು ಎರಡು ಸಲ ಬರುವಂತಿಲ್ಲ ಎಂದು ಕಟ್ಟುಹಾಕಬೇಕು. ಸೇಲ್ಸ್‌ಫೋರ್ಸ್ ಎಂಬ ಸಿಆರ್‌ಎಂನಲ್ಲಿ ಇದಕ್ಕೆ ಎಕ್ಸ್‌ಟರ್ನಲ್ ಐಡಿ ಎನ್ನುತ್ತಾರೆ. ಮೊದಲು ಬಳಕೆದಾರರು, ಆಮೇಲೆ ಕಂಪನಿಗಳು, ಆಮೇಲೆ ವ್ಯಕ್ತಿಗಳು, ಡೀಲ್‌ಗಳು, ಕರೆ-ಇಮೇಲ್-ಟಿಪ್ಪಣಿಗಳು, ಕೊನೆಗೆ ಲಗತ್ತುಗಳು. ಬೊಟ್ಟು ಮಾಡುವ ದಾಖಲೆ, ತಾನು ಬೊಟ್ಟು ಮಾಡಿದ ದಾಖಲೆಯ ನಂತರ ಬರಬೇಕು. ಕಂಪನಿಯೊಂದಕ್ಕೆ ಮಾತೃಸಂಸ್ಥೆ ಇದ್ದರೆ ಅದೂ ಒಂದು ಕಂಪನಿಯೇ ಆದ್ದರಿಂದ ಅಲ್ಲಿ ಕ್ರಮ ಸಾಲದು: ಒಂದು ಸುತ್ತಿನಲ್ಲಿ ಎಲ್ಲವನ್ನೂ ಹಾಕಿ, ಎರಡನೇ ಸುತ್ತಿನಲ್ಲಿ ಮಾತೃಸಂಸ್ಥೆಯ ಫೀಲ್ಡ್ ಮಾತ್ರ ತುಂಬಬೇಕು. ಬರೀ ‘ಇನ್ಸರ್ಟ್’ ಬೇಡ, ‘ಅಪ್‌ಸರ್ಟ್’ ಬಳಸಿ. ಹಳೆಯ ಐಡಿ ಈಗಾಗಲೇ ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು ಎಂದು ಅದರರ್ಥ. ಅರವತ್ತು ಸಾವಿರದ ಸಾಲಿನಲ್ಲಿ ಸಂಪರ್ಕ ಕಡಿದುಹೋದರೆ ಮೊದಲಿನಿಂದ ಓಡಿಸಬಹುದು, ಒಬ್ಬರೂ ಇಬ್ಬರಾಗುವುದಿಲ್ಲ. ಕೆಲಸ ಬಿಟ್ಟುಹೋದ ಮಾರಾಟಗಾರರ ಹೆಸರಿನಲ್ಲಿರುವ ದಾಖಲೆಗಳ ಮಾಲೀಕತ್ವ ಯಾರಿಗೆ ಎಂಬುದನ್ನೂ ಮೊದಲೇ ತೀರ್ಮಾನಿಸಿ. ಇಲ್ಲದಿದ್ದರೆ ಇಂಪೋರ್ಟ್ ಮಾಡಿದವರೇ ಅಷ್ಟಕ್ಕೂ ಮಾಲೀಕರಾಗಿ ಕೂರುತ್ತಾರೆ.

ಈ ಐಡಿಗಳೊಳಗೆ ಒಂದು ಸೊಗಸಾದ ಲೆಕ್ಕ ಅಡಗಿದೆ. ಸೇಲ್ಸ್‌ಫೋರ್ಸ್‌ನ ಮೂಲ ಐಡಿ 15 ಅಕ್ಷರಗಳದು, ಇಂಗ್ಲಿಷಿನ ದೊಡ್ಡಕ್ಷರ-ಸಣ್ಣಕ್ಷರಗಳನ್ನು ಅದು ಬೇರೆಬೇರೆ ಎಂದೇ ಎಣಿಸುತ್ತದೆ. ಒಂದು ಪಟ್ಟಿಯಲ್ಲಿರುವುದನ್ನು ಇನ್ನೊಂದರಲ್ಲಿ ಹುಡುಕಿಕೊಡುವ ಎಕ್ಸೆಲ್‌ನ ವಿಲುಕಪ್ ಸೂತ್ರಕ್ಕೆ ಆ ಭೇದ ಗೊತ್ತಿಲ್ಲ. ಕೊನೆಯ ಅಕ್ಷರ ಒಂದರಲ್ಲಿ ದೊಡ್ಡ ಎ, ಇನ್ನೊಂದರಲ್ಲಿ ಸಣ್ಣ ಎ ಇರುವ ಎರಡು ಐಡಿಗಳಲ್ಲಿ ಅದು ಮೊದಲು ಕಂಡದ್ದನ್ನೇ ಎರಡಕ್ಕೂ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಹಾಗೆ ಒಬ್ಬರ ಡೀಲ್ ಇನ್ನೊಬ್ಬರ ತಲೆಗೆ ಬಂದು ಕೂರುತ್ತದೆ, ಎಚ್ಚರಿಕೆಯ ಒಂದು ಸಾಲೂ ಬರುವುದಿಲ್ಲ. ಇದಕ್ಕಾಗಿಯೇ 18 ಅಕ್ಷರಗಳ ರೂಪವಿದೆ. ಹದಿನೈದನ್ನು ಐದೈದರ ಮೂರು ಗುಂಪು ಮಾಡಿ. ಗುಂಪಿನೊಳಗೆ ಮೊದಲ ಸ್ಥಾನದಲ್ಲಿ ದೊಡ್ಡಕ್ಷರವಿದ್ದರೆ 1, ಎರಡನೆಯದಕ್ಕೆ 2, ಮುಂದೆ 4, 8, 16. ಎರಡನೇ ಮತ್ತು ಐದನೇ ಸ್ಥಾನ ದೊಡ್ಡಕ್ಷರವಾಗಿದ್ದರೆ 2+16, ಅಂದರೆ 18. ಮೊತ್ತ 0ಯಿಂದ 31ರೊಳಗೆ ಬರುತ್ತದೆ. 26 ಇಂಗ್ಲಿಷ್ ಅಕ್ಷರ, 0ಯಿಂದ 5ರವರೆಗಿನ ಆರು ಅಂಕಿ ಸೇರಿ ಸರಿಯಾಗಿ 32 ಸಂಕೇತಗಳಾದವು! ಎ ಎಂದರೆ ಸೊನ್ನೆ ಎಂದು ಎಣಿಸುತ್ತ ಹೋದರೆ 18ಕ್ಕೆ ಎಸ್ ಬರುತ್ತದೆ. ಹೀಗೆ ಮೂರು ಗುಂಪಿಗೆ ಮೂರು ಅಕ್ಷರ ಬಾಲವಾಗಿ ಸೇರುತ್ತವೆ. ಅಕ್ಷರದ ಗಾತ್ರ ಕಾಣದವನಿಗೂ ಎರಡು ಐಡಿಗಳ ಬಾಲ ಬೇರೆಬೇರೆಯಾಗಿ ಕಾಣುತ್ತದೆ. ಎಕ್ಸ್‌ಪೋರ್ಟ್ ಕಡತದಲ್ಲಿ 15 ಅಕ್ಷರದ ಐಡಿ ಕಂಡರೆ ಅಲ್ಲೇ ನಿಲ್ಲಿಸಿ, 18ರದ್ದನ್ನು ಕೇಳಿ.

ಎಕ್ಸೆಲ್ ಹೆಸರು ಬಂತಲ್ಲ, ಅದರ ಉಪಕಾರ ಇಷ್ಟಕ್ಕೇ ಮುಗಿಯುವುದಿಲ್ಲ. ಸಿಎಸ್‌ವಿ ಕಡತವನ್ನು (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಅಕ್ಷರಗಳ ಕಡತ) ‘ಸುಮ್ಮನೆ ನೋಡೋಣ’ ಎಂದು ಎಕ್ಸೆಲ್‌ನಲ್ಲಿ ತೆರೆದು ಸೇವ್ ಒತ್ತಿದವರ ಕಥೆ ನೋಡಿ. ದೇಶದ ಸಂಕೇತ ಸೇರಿದ 12 ಅಂಕಿಯ ಫೋನ್ ನಂಬರು 447700900123 ಎಂದಿರಲಿ. ಎಕ್ಸೆಲ್ ಅದನ್ನು ಫೋನ್ ಎಂದು ನೋಡದೆ ದೊಡ್ಡ ಸಂಖ್ಯೆಯೆಂದು ಬಗೆದು 4.47701ಇ+11 ಎಂದು ತೋರಿಸುತ್ತದೆ. ಸಿಎಸ್‌ವಿಯಾಗಿ ಉಳಿಸುವಾಗ ತೋರಿಸಿದ್ದನ್ನೇ ಬರೆಯುತ್ತದೆ. ಹೊಸ ಸಿಆರ್‌ಎಂ ಅದನ್ನು ಸಂಖ್ಯೆಯಾಗಿ ಓದಿದರೆ 447701000000. ಆರು ಅಂಕಿಯಾಚೆಗಿನದೆಲ್ಲ ಹೊಳೆಯಲ್ಲಿ ಕಿವುಚಿದ ಹುಣಿಸೆಹಣ್ಣು. ಸೊನ್ನೆಯಿಂದ ಶುರುವಾಗುವ ಅಂಚೆ ಸಂಕೇತಗಳು ತಲೆ ಕಳೆದುಕೊಳ್ಳುವುದೂ ಹೀಗೆಯೇ. ಮನುಷ್ಯನ ವಂಶವಾಹಿಗಳ ಹೆಸರಿಗೂ ಈ ಕಾಟ ತಪ್ಪಿರಲಿಲ್ಲ: ಮಾರ್ಚ್1, ಸೆಪ್ಟ್1 ಎಂಬ ಹೆಸರುಗಳನ್ನು ಎಕ್ಸೆಲ್ ತಾರೀಖಾಗಿಸುತ್ತಿದ್ದುದರಿಂದ 2020ರ ಹೊತ್ತಿಗೆ ನಾಮಕರಣ ಸಮಿತಿಯೇ ಸೋತು ಅವನ್ನು ಮಾರ್ಚ್‌ಎಫ್1, ಸೆಪ್ಟಿನ್1 ಎಂದು ಬದಲಿಸಿತು. ಪರಿಹಾರ ಸರಳ. ಕಡತವನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಡೇಟಾ ಮೆನುವಿನಿಂದ ತರಿಸಿಕೊಂಡು, ಪ್ರತಿ ಕಾಲಂ ‘ಟೆಕ್ಸ್ಟ್’ ಎಂದು ಹೇಳಿ.

ತಾರೀಖಿನದು ಇನ್ನೂ ನಯವಾದ ಮೋಸ. ದಿನ-ತಿಂಗಳು-ವರ್ಷ ಎಂದಿರುವುದನ್ನು ಹೊಸ ವ್ಯವಸ್ಥೆ ತಿಂಗಳು-ದಿನ-ವರ್ಷ ಎಂದು ಓದಿತೆನ್ನಿ. ದಿನ 13 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಕೂಗಿಕೊಳ್ಳುತ್ತದೆ, ಹದಿಮೂರನೇ ತಿಂಗಳಿಲ್ಲವಲ್ಲ. 12ರೊಳಗಿದ್ದರೆ ತೆಪ್ಪಗೆ ನುಂಗಿಕೊಳ್ಳುತ್ತದೆ. ವರ್ಷದಲ್ಲಿ ಅಂಥ ದಿನಗಳು 144; ಅವುಗಳಲ್ಲಿ ಜನವರಿ 1, ಫೆಬ್ರವರಿ 2ರಂಥ 12ನ್ನು ತಿರುಗಿಸಿದರೂ ಅದೇ ದಿನ. ಉಳಿದ 132 ದಿನಗಳು ಸದ್ದಿಲ್ಲದೆ ಅದಲುಬದಲು. ಕೂಗಿದ ಸಾಲುಗಳನ್ನಷ್ಟೇ ಕೈಯಾರೆ ತಿದ್ದಿ ಸಮಾಧಾನಪಟ್ಟವರ ಬಳಿ ಉಳಿಯುವುದು ಈ ನುಂಗಿದ ಸಾಲುಗಳು. ವರ್ಷ-ತಿಂಗಳು-ದಿನ, 2024-04-03 ಎಂದು ಎಕ್ಸ್‌ಪೋರ್ಟ್ ಮಾಡಿದರೆ ಈ ತೊಡಕೇ ಇಲ್ಲ.

ಇನ್ನು ನಿಜವಾದ ಹೂರಣಕ್ಕೆ ಬರೋಣ. ಹಳೆಯ ಸಿಆರ್‌ಎಂನಲ್ಲಿ ಒಬ್ಬರೇ ಮೂರು ಸಲ ಇರುತ್ತಾರೆ: ಒಮ್ಮೆ ಇನಿಷಿಯಲ್ ಸಹಿತ, ಒಮ್ಮೆ ರಹಿತ, ಒಮ್ಮೆ ತಪ್ಪು ಕಾಗುಣಿತದಲ್ಲಿ. ಎರಡು ದಾಖಲೆ ಒಬ್ಬರದೇ ಎಂದು ಹೇಗೆ ಹೇಳುವುದು? ಸಿಆರ್‌ಎಂ ಎಂಬ ಹೆಸರೇ ಇಲ್ಲದ ಕಾಲದ ಪ್ರಶ್ನೆಯಿದು. 1946ರಲ್ಲಿ ಅಮೆರಿಕದ ಹಾಲ್ಬರ್ಟ್ ಡನ್, ಜನನದಿಂದ ಮರಣದವರೆಗಿನ ಒಬ್ಬರ ದಾಖಲೆಗಳನ್ನೆಲ್ಲ ಒಂದೆಡೆ ಹೊಲಿಯುವ ಕೆಲಸವನ್ನು ‘ರೆಕಾರ್ಡ್ ಲಿಂಕೇಜ್’ ಎಂದು ಕರೆದರು. 1959ರಲ್ಲಿ ಕೆನಡಾದ ತಳಿವಿಜ್ಞಾನಿ ಹೋವರ್ಡ್ ನ್ಯೂಕಂಬ್ ಮತ್ತು ಸಂಗಡಿಗರು ಅದನ್ನು ಕಂಪ್ಯೂಟರಿಗೆ ಒಪ್ಪಿಸಿದರು. ಹತ್ತು ವರ್ಷದ ಮೇಲೆ, 1969ರಲ್ಲಿ, ಇವಾನ್ ಫೆಲ್ಲೆಗಿ ಮತ್ತು ಅಲನ್ ಸಂಟರ್ ಅದಕ್ಕೆ ಗಣಿತದ ಬೆನ್ನೆಲುಬು ಕೊಟ್ಟರು.

ಅದರ ತಿರುಳು ಒಂದು ತಕ್ಕಡಿ. ಒಂದೊಂದು ಫೀಲ್ಡ್‌ಗೂ ಎರಡು ಪ್ರಶ್ನೆ. ಇಬ್ಬರೂ ಒಬ್ಬರೇ ಆಗಿದ್ದರೆ ಇದು ಹೊಂದುವ ಸಂಭವ ಎಷ್ಟು? ಬೇರೆಬೇರೆಯಾಗಿದ್ದರೂ ಆಕಸ್ಮಿಕವಾಗಿ ಹೊಂದುವ ಸಂಭವ ಎಷ್ಟು? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಾಕ್ಷ್ಯದ ತೂಕ ಬಂತು. ಹುಟ್ಟಿದ ತಿಂಗಳು ಹೊಂದಿತು ಎನ್ನಿ: ಒಬ್ಬರೇ ಆಗಿದ್ದರೆ 0.95 (ಬರೆಯುವಾಗಿನ ತಪ್ಪಿಗೆ 0.05 ಬಿಟ್ಟು), ಆಕಸ್ಮಿಕವಾಗಿ 12ರಲ್ಲಿ 1. ಭಾಗಿಸಿದರೆ 11.4. ಎರಡನ್ನು ಎಷ್ಟು ಸಲ ಗುಣಿಸಿದರೆ ಅಷ್ಟಾಗುತ್ತದೆ? ಸುಮಾರು 3.5 ಸಲ. ಆದ್ದರಿಂದ ಅಂಕ +3.5. ಐವತ್ತು ಜನರಲ್ಲಿ ಒಬ್ಬರಿಗಿರುವ ಹೆಸರು ಹೊಂದಿದರೆ +5.6, ಐವತ್ತು ಸಾವಿರದಲ್ಲಿ ಒಬ್ಬರಿಗಿರುವ ಹೆಸರಾದರೆ +15.5. ಫೋನ್ ನಂಬರು ಹೊಂದಲಿಲ್ಲವೋ, ಜನ ನಂಬರು ಬದಲಿಸುತ್ತಾರೆಂದು ಹತ್ತಕ್ಕೆ ಒಂದು ರಿಯಾಯಿತಿ ಕೊಟ್ಟರೂ −3.3. ಈಗ ಕೂಡಿ. ಸಾಮಾನ್ಯ ಹೆಸರು, ತಿಂಗಳು ಸರಿ, ಫೋನ್ ಬೇರೆ: 5.8. ಅಪರೂಪದ ಹೆಸರು, ಉಳಿದದ್ದು ಹಾಗೇ: 15.7. ಎರಡು ಜೋಡಿಯಲ್ಲೂ ‘ಮೂರರಲ್ಲಿ ಎರಡು ಫೀಲ್ಡ್ ಹೊಂದಿದೆ’. ಎರಡರ ತೂಕ ಮಾತ್ರ ಆನೆ-ಆಡಿನಷ್ಟು ದೂರ. ‘ಶೇಕಡಾ 70 ಹೊಂದಿದರೆ ಮರ್ಜ್ ಮಾಡು’, ಅಂದರೆ ಎರಡು ದಾಖಲೆಗಳನ್ನು ಒಂದಾಗಿಸು, ಎಂಬ ಸುಲಭ ಸೂತ್ರ ಎಡವುವುದು ಇಲ್ಲೇ. ಮೇಲಿನ ಗೆರೆ ದಾಟಿದ್ದನ್ನು ಸೇರಿಸಿ, ಕೆಳಗಿನ ಗೆರೆ ಮುಟ್ಟದ್ದನ್ನು ಬಿಡಿ, ನಡುವಿನದನ್ನು ಮನುಷ್ಯರ ಕಣ್ಣಿಗೆ ಕೊಡಿ ಎಂದೇ ಫೆಲ್ಲೆಗಿ-ಸಂಟರ್ ಹೇಳಿದ್ದು. 5.8 ಆ ನಡುವಿನದು.

ಎಲ್ಲರನ್ನೂ ಎಲ್ಲರೊಡನೆ ತೂಗಲು ಹೊರಟರೆ ಒಂದು ಲಕ್ಷ ದಾಖಲೆಗೆ ಸುಮಾರು 500 ಕೋಟಿ ಜೋಡಿ. ಫೋನಿನ ಕೊನೆಯ ನಾಲ್ಕು ಅಂಕಿಯ ಮೇಲೆ 10,000 ಡಬ್ಬಿಗಳಿಗೆ ಹಂಚಿದರೆ ಡಬ್ಬಿಗೆ ಹತ್ತು ಜನ, ಒಳಗೆ 45 ಜೋಡಿ, ಒಟ್ಟು ನಾಲ್ಕೂವರೆ ಲಕ್ಷ. ಫೋನ್ ಬದಲಿಸಿದವರು ಬೇರೆ ಡಬ್ಬಿಗೆ ಬೀಳುವುದರಿಂದ ಇಮೇಲ್, ಹೆಸರಿನ ಆಧಾರದ ಮೇಲೂ ಒಂದೊಂದು ಸುತ್ತು ಹಂಚಬೇಕು.

ಈಗ ಎಕ್ಸೆಲ್ ತಿಂದ ಫೋನ್ ನಂಬರುಗಳನ್ನು ನೆನಪಿಸಿಕೊಳ್ಳಿ. ಆ ಕಡತ ಈ ತಕ್ಕಡಿಗೆ ಬಂದರೆ ಏನಾಗುತ್ತದೆ? 447700500000ರಿಂದ 447701499999ರವರೆಗಿನ ಹತ್ತು ಲಕ್ಷ ನಂಬರುಗಳೂ ಒಂದೇ ಆಗಿವೆ. ಫೋನ್ ಹೊಂದಿದರೆ ತೂಕ ಬಹಳ, ಹಾಗಾಗಿ ಗುರುತು ಪರಿಚಯವಿಲ್ಲದವರೆಲ್ಲ ಒಬ್ಬರಾಗುತ್ತಾರೆ. ಕಡತ ಕೆಡದಿದ್ದರೂ, ಕಚೇರಿಯ ಸ್ವಾಗತಕಾರರ ನಂಬರು ಇದೇ ಕೆಲಸ ಮಾಡಬಲ್ಲದು: ಅ ಮತ್ತು ಬ ಒಂದೇ, ಬ ಮತ್ತು ಕ ಒಂದೇ, ಆದ್ದರಿಂದ ಅ ಮತ್ತು ಕ ಒಂದೇ ಎಂದು ಸರಪಳಿ ಬೆಳೆದು ಇಡೀ ಕಂಪನಿ ಒಂದೇ ಆಸಾಮಿಯಾಗುತ್ತದೆ. ಮರ್ಜ್ ಆದದ್ದನ್ನು ಬಿಡಿಸುವ ಗುಂಡಿ ಹೆಚ್ಚಿನ ಸಿಆರ್‌ಎಂಗಳಲ್ಲಿಲ್ಲ. ಆದ್ದರಿಂದ ಮೊದಲು ಅತಿ ಹೆಚ್ಚು ಸಲ ಬರುವ ಇಪ್ಪತ್ತು ನಂಬರು, ಇಪ್ಪತ್ತು ಇಮೇಲ್ ಯಾವುವೆಂದು ಎಣಿಸಿ, ಅವನ್ನು ಹೋಲಿಕೆಯಿಂದ ಹೊರಗಿಡಿ. ಹಬ್‌ಸ್ಪಾಟ್ ಎಂಬ ಸಿಆರ್‌ಎಂನಂತೆ ಇಮೇಲನ್ನೇ ವ್ಯಕ್ತಿಯ ಗುರುತಾಗಿ ಬಳಸುವಲ್ಲಿ ಒಂದೇ ಇಮೇಲ್ ಹಂಚಿಕೊಂಡ ಇಬ್ಬರು ಒಂದೇ ದಾಖಲೆಯಾಗಿಬಿಡುತ್ತಾರೆ. ಮೂರು ಪ್ರತಿಗಳಲ್ಲಿ ಒಂದರಲ್ಲಿ ‘ಇಮೇಲ್ ಕಳಿಸಬೇಡಿ’ ಎಂದಿದ್ದರೆ, ಉಳಿದೆರಡು ಏನೇ ಹೇಳಲಿ, ಬೇಡ ಎಂಬುದೇ ಗೆಲ್ಲಬೇಕು.

ಕನ್ನಡದ ಹೆಸರುಗಳಿಗೆ ಇನ್ನೊಂದು ಗಂಡಾಂತರ. ‘ಕೋ’ ಎಂಬುದನ್ನು ಯೂನಿಕೋಡ್‌ನಲ್ಲಿ ಕಕಾರಕ್ಕೆ ಓತ್ವದ ಒಂದೇ ಚಿಹ್ನೆ ಸೇರಿಸಿಯೂ ಬರೆಯಬಹುದು. ಎತ್ವ, ಊತ್ವ, ದೀರ್ಘ ಎಂಬ ಮೂರು ತುಂಡು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆಬೇರೆ. ಹೋಲಿಸುವ ಮುನ್ನ ಎಲ್ಲವನ್ನೂ ತುಂಡುಗಳನ್ನು ಒಂದೇ ಚಿಹ್ನೆಯಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತಂದರೆ ಇದು ಬಗೆಹರಿಯುತ್ತದೆ. ಯೂನಿಕೋಡ್ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್. ‘ಕೃಷ್ಣಮೂರ್ತಿ’ಯಲ್ಲಿ ಒತ್ತು, ಗುಣಿತ ಸೇರಿ 11 ಚಿಹ್ನೆ, 33 ಬೈಟ್. ಫೀಲ್ಡ್‌ನ ಮಿತಿ 30 ಬೈಟ್ ಆಗಿದ್ದರೆ ಅವರು ‘ಕೃಷ್ಣಮೂರ್ತ’ರಾಗಿ ಹೊಸ ಮನೆ ಸೇರುತ್ತಾರೆ.

ಲೋಡ್ ಮಾಡುವ ಮುನ್ನ ಹೊಸ ವ್ಯವಸ್ಥೆಯ ಆಟೊಮೇಷನ್‌ಗಳನ್ನೆಲ್ಲ ಆರಿಸಿ. ಹೊಸ ಸಂಪರ್ಕ ಸೇರಿದೊಡನೆ ಸ್ವಾಗತದ ಇಮೇಲ್ ಹೋಗುವ ನಿಯಮ ಎಚ್ಚರವಾಗಿದ್ದರೆ ಹತ್ತು ವರ್ಷದ ಹಳೆಯ ಗ್ರಾಹಕರಿಗೂ ‘ನಮ್ಮಲ್ಲಿಗೆ ಸ್ವಾಗತ’ ಹೋಗುತ್ತದೆ. ದಾಖಲೆ ಸೃಷ್ಟಿಯಾದ ತಾರೀಖು ಇಂಪೋರ್ಟ್‌ನ ದಿನವಾಗಿಬಿಡುವುದೂ ಸಾಮಾನ್ಯ. ಸೇಲ್ಸ್‌ಫೋರ್ಸ್‌ನಲ್ಲಿ ಮೂಲ ತಾರೀಖು ಉಳಿಸಲು ಒಂದು ವಿಶೇಷ ಅನುಮತಿಯನ್ನು ಮೊದಲೇ ತೆರೆದಿರಬೇಕು, ಅದು ದಾಖಲೆ ಸೃಷ್ಟಿಸುವಾಗ ಮಾತ್ರ ಕೆಲಸ ಮಾಡುತ್ತದೆ. ಪರೀಕ್ಷೆಗೆ ಮೊದಲ ನೂರು ಸಾಲು ಆರಿಸಬೇಡಿ. ಅತಿ ಹೆಚ್ಚು ಟಿಪ್ಪಣಿಯಿರುವವರು, ಅತಿ ಹಳಬರು, ಮರ್ಜ್ ಆದವರು, ಹೆಸರಿನಲ್ಲಿ ಅಲ್ಪವಿರಾಮ ಇರುವವರು, ಇಂಥವರನ್ನು ಹೆಕ್ಕಿ ಎರಡೂ ಪರದೆ ಅಕ್ಕಪಕ್ಕ ಇಟ್ಟು ನೋಡಿ. ಸಾಲುಗಳ ಎಣಿಕೆಯ ಜೊತೆಗೆ ಡೀಲ್‌ಗಳ ಒಟ್ಟು ಮೊತ್ತ, ಪ್ರತಿ ಫೀಲ್ಡ್‌ನ ಖಾಲಿ ಜಾಗಗಳ ಎಣಿಕೆ, ಕಂಪನಿಯಿಲ್ಲದ ಡೀಲ್‌ಗಳ ಎಣಿಕೆ, ಇವೂ ತಾಳೆಯಾಗಬೇಕು.

ಹಳೆಯ ಐಡಿಯ ಫೀಲ್ಡನ್ನು, ಕೆಲಸ ಮುಗಿಯಿತೆಂದು ಅಳಿಸಬೇಡಿ. ಟಿಪ್ಪಣಿಗಳ ಒಳಗೆ, ಇಮೇಲ್‌ಗಳ ಒಳಗೆ, ಲೆಕ್ಕಪತ್ರದ ತಂತ್ರಾಂಶದ ಯಾವುದೋ ಮೂಲೆಯಲ್ಲಿ ಹಳೆಯ ವ್ಯವಸ್ಥೆಯ ಲಿಂಕ್‌ಗಳು ಉಳಿದಿರುತ್ತವೆ. ಆ ವಿಳಾಸಗಳ ತುದಿಯಲ್ಲಿರುವುದು ಅದೇ 47.